ಪಿಕಪ್ಪಿನ ಬೆನ್ನಿಗೆ ಕಟ್ಟಿದ ದೋಣಿ

ನಮ್ಮದು ಗಳಗನಾಥದ ಕಡೆ ಹೊಳೆದಂಡೆಯ ಊರು. ಮನೆಗಳು ಈ ದಂಡೆಗೆ, ಅರ್ಧ ಊರಿನ ಹೊಲಗಳು ಆ ದಂಡೆಗೆ. ಸೇತುವೆ ದೂರ. ಸುತ್ತು ಹಾಕಿ ಹೋದರೆ ಹೊಲ ಮುಟ್ಟುವುದರೊಳಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಅದಕ್ಕೇ ನಮ್ಮಲ್ಲಿ ದೋಣಿ ಇನ್ನೂ ನಿಂತಿಲ್ಲ. ಮೊದಲು ನನ್ನ ಮಾವ ನಡೆಸುತ್ತಿದ್ದರು, ಆಮೇಲೆ ನನ್ನ ಗಂಡ. ಗಂಡ ಸತ್ತ ಮೇಲೆ ನಾನು ಹುಟ್ಟು ಹಿಡಿದೆ. ಹೆಂಗಸಿನ ದೋಣಿ ಹತ್ತುವುದು ಹೇಗೆ ಎಂದು ಕೆಲವರು ಅಂದರು. ಅಂದವರಿಗೂ ಹೊಲಕ್ಕೆ ಹೋಗಬೇಕಿತ್ತು. ಹತ್ತಿದರು.

ಊರಿನವರಿಂದ ನಾನು ದಿನಾ ರೊಕ್ಕ ಕೇಳುವುದಿಲ್ಲ. ಸುಗ್ಗಿಯಲ್ಲಿ ಅವರು ನನ್ನನ್ನು ಕಣಕ್ಕೆ ಕರೆದು ಜೋಳ ಹಾಕುತ್ತಾರೆ. ಅದಕ್ಕೆ ಆಯ ಎನ್ನುತ್ತೇವೆ. ಆಯ ಯಾರಿಗೆ ಸೇರಬೇಕು ಎನ್ನುವುದಕ್ಕೂ ಒಂದು ಪದ್ಧತಿ ಇದೆ. ಎಳ್ಳು ಅಮಾವಾಸ್ಯೆಯ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತದೆ. ಭೂಮಿಗೆ ಉಣಿಸಿ, ತಾವೂ ಅಲ್ಲೇ ಉಂಡು ಬರುತ್ತಾರೆ. ಆ ದಿನ ಯಾರ ದೋಣಿ ಊರನ್ನು ದಾಟಿಸುತ್ತದೋ ಆ ವರ್ಷದ ಆಯ ಅವರದು. ನಮ್ಮ ಮನೆ ಬಿಟ್ಟು ಬೇರೆ ಮನೆಗೆ ಅದು ಹೋಗಿದ್ದು ನನಗೆ ಗೊತ್ತಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಕಟ್ಟಿಗೆ ದೋಣಿಯ ತಳ ಕೊಳೆತು ಬಿತ್ತು. ಡಾಂಬರು ಬಳಿದೆ, ತಗಡು ಹೊಡೆಸಿದೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ನೀರು. ಕೊನೆಗೆ ದಂಡೆಗೆ ಎಳೆದು ಹಾಕಿದೆ. ಅಂದಿನಿಂದ ಊರವರು ಸೇತುವೆ ಸುತ್ತಿಯೇ ಹೊಲಕ್ಕೆ ಹೋಗುತ್ತಿದ್ದರು. ಈಗ ಅದರ ಹಲಗೆ ಒಲೆಗೆ ಹೋಗುತ್ತಿದೆ. ಚೆನ್ನಾಗಿಯೇ ಉರಿಯುತ್ತದೆ.

ದೀಪಾವಳಿ ಕಳೆದ ಮೇಲೆ ನಮ್ಮೂರ ಗೌಡರು ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತರು. ಆ ದಂಡೆಯ ಹೊಲಗಳಲ್ಲಿ ಅವರದೇ ಹೆಚ್ಚು.

"ಎಳ್ಳಮಾಸಿಗೆ ದೋಣಿ ನೀರಾಗಿರಬೇಕು ನೋಡವ್ವ. ಇಲ್ಲಂದ್ರ ಮ್ಯಾಲಿನ ಊರ ದೋಣಿಯಾಂವನ್ನ ಕರಸ್ತೇವಿ. ಸಿಟ್ಟಾಗಬ್ಯಾಡ" ಎಂದರು.

"ಸಿಟ್ಯಾಕ್ರಿ. ನೀವರ ಏನ್ ಮಾಡ್ತೀರಿ, ಹೊಳಿ ಜಿಗದ ಹೋಗಾಕ ಬರತೈತೇನ?" ಎಂದೆ.

ಅವರದು ತಪ್ಪಿರಲಿಲ್ಲ. ಆದರೆ ಒಂದು ಸಲ ಬೇರೆಯವರ ದೋಣಿ ಬಂದರೆ ಮತ್ತೆ ನನ್ನ ಕೈಗೆ ಹುಟ್ಟು ಬರುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮಗಳು ಹಾವೇರಿಯಲ್ಲಿದ್ದಾಳೆ. ಬಂದು ಇರು, ಟಿವಿ ನೋಡಿಕೊಂಡು ಉಂಡು ಮಲಗು ಎನ್ನುತ್ತಾಳೆ. ಒಳ್ಳೆಯ ಮಗಳು. ಅಲ್ಲಿಗೆ ಹೋದರೆ ಎರಡನೇ ದಿನಕ್ಕೆ ನನ್ನ ತೋಳು ನೋಯುತ್ತವೆ. ಕೆಲಸ ಮಾಡಿದರೆ ನೋಯದ ತೋಳು ಕೂತರೆ ನೋಯುತ್ತವೆ. ನನಗೆ ದೋಣಿ ಬೇಕಿತ್ತು, ಇಷ್ಟೇ ವಿಷಯ.

ಮಗಳನ್ನು ಕೊಟ್ಟದ್ದು ನನ್ನ ಅಣ್ಣನ ಮಗನಿಗೇ. ಹಾಗಾಗಿ ಅಳಿಯ ನನ್ನನ್ನು ಅತ್ತಿ ಎಂದು ಕರೆಯುವುದು ಎರಡು ಕಡೆಯಿಂದಲೂ ಸರಿ. ಅವನದೊಂದು ಪಿಕಪ್ ಗಾಡಿ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೊಡೆಯುತ್ತಾನೆ. ಆ ಗಾಡಿಯ ಬಾಗಿಲು ತೆಗೆದರೆ ಸಾಕು, ಸೀನು ಬರುತ್ತದೆ. ಅವನೇ ದೋಣಿ ಹುಡುಕಿದ. ಬ್ಯಾಡಗಿ ಹತ್ತಿರದ ಒಂದು ಹಳ್ಳಿಯಲ್ಲಿ ಕೆರೆ ಹಿಡಿದು ಮೀನು ಬೆಳೆಯುತ್ತಿದ್ದವನೊಬ್ಬ ಆ ದಂಧೆ ಬಿಟ್ಟಿದ್ದನಂತೆ. ಅವನ ಫೈಬರ್ ದೋಣಿ ಬೇವಿನ ಗಿಡದ ಕೆಳಗೆ ಬೋರಲು ಬಿದ್ದಿತ್ತು. ನಾನು ಹೋಗಿ ಬಡಿದು ನೋಡಿದೆ, ಹಲಗೆ ಕಟ್ಟಿದ ಜಾಗ ಎಳೆದು ನೋಡಿದೆ. ಗಟ್ಟಿ ಇತ್ತು. ಒಳಗೆ ಕೋಳಿಗಳು ಮೊಟ್ಟೆ ಇಟ್ಟಿದ್ದವು.

"ಒಯ್ಯವ್ವ. ಕೋಳಿ ಬ್ಯಾರೆ ಜಾಗಾ ನೋಡಕೊಂತಾವ" ಎಂದ ಆ ಮನುಷ್ಯ.

ಒಂದು ಕೆರೆಯಿಂದ ಇನ್ನೊಂದು ಕೆರೆಗೆ ದೋಣಿ ಒಯ್ಯಲು ಅವನು ಎರಡು ಗಾಲಿಯ ಟ್ರಾಲಿ ಮಾಡಿಸಿದ್ದ. ಬರಿ ಕಬ್ಬಿಣದ ಚೌಕಟ್ಟು, ಮುಂದೆ ಉದ್ದನೆಯ ಮೂತಿ, ಮೂತಿಯ ತುದಿಗೆ ಗಾಡಿಗೆ ಸಿಕ್ಕಿಸುವ ಬಳೆ. ಅದನ್ನೂ ಕೊಟ್ಟ. ದೋಣಿ ಪಿಕಪ್ಪಿನ ಡಬ್ಬಿಯಲ್ಲಿ ಹಿಡಿಸುವಂಥದ್ದಲ್ಲ, ಅರ್ಧ ಹೊರಗೆ ಚಾಚುತ್ತಿತ್ತು. ಅಳಿಯ ಗಾಡಿಯ ಹಿಂದೆ ಗಟ್ಟಿ ಕೊಂಡಿ ಬೆಸುಗೆ ಹಾಕಿಸಿಕೊಂಡು ಬಂದ. ಮಾರುಕಟ್ಟೆಗೆ ಹೊಸ ಕಾಯಿ ಬರುವ ಹೊತ್ತು, ಒಂದು ದಿನವೂ ಗಾಡಿ ನಿಲ್ಲಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಅವನು ನಿಲ್ಲಿಸಿದ. ನಾನು ಕೇಳಿರಲಿಲ್ಲ. ಕೇಳಿದ್ದರೆ ಅದು ಬೇರೆ ಮಾತು.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ದೋಣಿ ಏರಿಸಿದೆವು. ನನ್ನ ಅಣ್ಣನೂ ಬಂದಿದ್ದ. ಅವನು ಹರೆಯದಿಂದ ಎತ್ತಿನ ಗಾಡಿ ಹೊಡೆದವನು. ಹತ್ತಿ, ಮೆಣಸಿನಕಾಯಿ, ಕಲ್ಲು, ಮದುವೆ ದಿಬ್ಬಣ, ಅವನು ಹೇರದ್ದು ಯಾವುದೂ ಇಲ್ಲ. ಹೇರುವ ವಿಷಯದಲ್ಲಿ ಅವನ ಮಾತಿಗೆ ಎದುರು ಮಾತು ನಮ್ಮ ಮನೆಯಲ್ಲಿ ಇರಲಿಲ್ಲ.

ಆ ಹಳ್ಳಿಯವರು ಹಿಡಿದು ದೋಣಿಯನ್ನು ಟ್ರಾಲಿಯ ಮೇಲೆ ಕೂರಿಸಿದರು. ಅಣ್ಣ ಟ್ರಾಲಿಯ ಮೂತಿ ಎತ್ತಿ ನೋಡಿ ತಲೆ ಅಲ್ಲಾಡಿಸಿದ.

"ಭಾಳ ಭಾರ ಐತಿ. ಹಿಂದಕ್ಕ ಎಳೀರಿ."

ಎಳೆದರು. ಮತ್ತೆ ಎತ್ತಿ ನೋಡಿದ.

"ಇನ್ನೊಂದೀಟು. ನೊಗ ಅಂದ್ರ ಹೂವಿದ್ದಂಗ ಇರಬೇಕು. ಭಾರ ಎಲ್ಲಾ ಎತ್ತಿನ ಹೆಗಲಮ್ಯಾಲೆ ಬಿತ್ತಂದ್ರ ಎತ್ತು ಕುಸೀತಾವ."

"ಅಪ್ಪಾ, ಎತ್ತು ಎಲ್ಲದಾವ? ಇದು ಡೀಸಲ್ ಗಾಡಿ" ಎಂದ ಅಳಿಯ.

"ಡೀಸಲ್ ಗಾಡಿಗೆ ಹೆಗಲಿರೂದಿಲ್ಲೇನ? ನೀ ಹುಟ್ಟೂಕಿಂತ ಮೊದ್ಲ ನಾ ಗಾಡಿ ಹೂಡೇನಿ. ಎಳೀರಿ ಹಿಂದಕ್ಕ."

ಕೊನೆಗೆ ಅಣ್ಣ ಒಂದೇ ಕೈಯಲ್ಲಿ ಮೂತಿ ಎತ್ತಿ ಕೊಂಡಿಗೆ ಸಿಕ್ಕಿಸಿದ. ನೋಡಿದವರೆಲ್ಲ ಭೇಷ್ ಎಂದರು. ಹಗ್ಗ ಬಿಗಿದೆವು. ಹುಟ್ಟು, ಲಂಗರದ ಕಲ್ಲು ಎಲ್ಲವನ್ನೂ ದೋಣಿಯ ಹಿಂಭಾಗಕ್ಕೇ ಇಟ್ಟರು. ನೊಗ ಇನ್ನೂ ಹಗುರವಾಯಿತು. ಪಕ್ಕದಿಂದ ನೋಡಿದರೆ ದೋಣಿ ಮೂತಿ ಮೇಲೆ ಮಾಡಿ ಆಕಳಿಸಿದಂತೆ ಇತ್ತು.

ಮೂವರೂ ಮುಂದೆ ಕುಳಿತೆವು. ಬ್ಯಾಡಗಿ ದಾಟಿ ಕದರಮಂಡಲಗಿಗೆ ಬರುವವರೆಗೆ ರಸ್ತೆ ಕೆಟ್ಟಿತ್ತು, ಅಳಿಯ ನಿಧಾನ ಹೊಡೆಯುತ್ತಿದ್ದ, ಏನೂ ಆಗಲಿಲ್ಲ. ಆಂಜನೇಯನ ಗುಡಿ ಮುಂದೆ ನಿಲ್ಲಿಸಿ ಕಾಯಿ ಒಡೆಸಿದ. ದೋಣಿಗೂ ಕುಂಕುಮ ಹಚ್ಚಿದ. ಪೂಜಾರಪ್ಪ ಎಷ್ಟೋ ಟ್ರ್ಯಾಕ್ಟರ್, ಎಷ್ಟೋ ಜೀಪು ಕಂಡವರು. ದೋಣಿ ಮಾತ್ರ ಇದೇ ಮೊದಲು ಎಂದು ನಕ್ಕು, ಎರಡೂ ಗಾಲಿಗೆ ಲಿಂಬಿಹಣ್ಣು ಕೊಟ್ಟರು.

ಅಲ್ಲಿಂದ ಮುಂದೆ ರಸ್ತೆ ಚೆನ್ನಾಗಿತ್ತು. ಅಳಿಯ ಸ್ವಲ್ಪ ಜೋರು ಮಾಡಿದ. ಒಂದು ಇಳಿಜಾರಿನಲ್ಲಿ ಗಾಡಿಯ ಹಿಂಭಾಗವನ್ನು ಯಾರೋ ಹಿಡಿದು ಜಗ್ಗಿದಂತಾಯಿತು. ನಾನು ಪಕ್ಕದ ಕನ್ನಡಿಯಲ್ಲಿ ನೋಡಿದೆ. ದೋಣಿ ಕಾಣಲಿಲ್ಲ. ಆಮೇಲೆ ಕಂಡಿತು, ಇರಬೇಕಾದ ಜಾಗದಲ್ಲಿ ಅಲ್ಲ, ರಸ್ತೆಯ ಪಕ್ಕಕ್ಕೆ. ಆಮೇಲೆ ಮತ್ತೆ ಮಾಯ. ಹೋದದ್ದು ಆ ಕಡೆಗೆ. ದೋಣಿ ಅತ್ತ ಹೋದರೆ ಗಾಡಿ ಇತ್ತ, ಗಾಡಿ ಅತ್ತ ಹೋದರೆ ದೋಣಿ ಇತ್ತ. ಎದುರಿಗೆ ಬಂದ ಬಸ್ಸು ಹಾರ್ನು ಒತ್ತಿದ್ದು ಒತ್ತಿದ್ದೇ.

"ಬ್ರೇಕ್ ಹಾಕಲೇ" ಎಂದ ಅಣ್ಣ.

ಹಾಕಿದ. ಇನ್ನೂ ಜೋರಾಗಿ ತೂರಾಡಿತು. ಅಳಿಯ ಬ್ರೇಕ್ ಬಿಟ್ಟ, ಎಕ್ಸಲೇಟರ್ ಬಿಟ್ಟ, ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು ಸುಮ್ಮನೆ ಕುಳಿತ. ಗಾಡಿ ತಾನಾಗಿ ಮೆಲ್ಲಗಾಗಿ, ತೂರಾಟ ಕಡಿಮೆಯಾಗಿ, ರಸ್ತೆ ಬದಿಯ ಮಣ್ಣಿಗೆ ಇಳಿದು ನಿಂತಿತು. ಬಸ್ಸು ಹೋಯಿತು. ಅದರ ಕಂಡಕ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈದದ್ದು ನಮಗೇ. ಬೈದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಇಳಿದು ನೋಡಿದರೆ ಒಂದು ಹಗ್ಗ ಹರಿದಿತ್ತು. ದೋಣಿ ಇನ್ನೂ ಹಿಂದಕ್ಕೆ ಜಾರಿತ್ತು. ಇನ್ನೊಂದು ಹಗ್ಗವೂ ಹರಿದಿದ್ದರೆ ದೋಣಿ ಡಾಂಬರಿನ ಮೇಲೆ ಬಿದ್ದು ಒಡೆಯುತ್ತಿತ್ತು. ಮರುದಿನ ಮ್ಯಾಲಿನ ಊರಿನವನ ದೋಣಿ ಬರುತ್ತಿತ್ತು. ನನಗೆ ಮೊದಲು ಬಂದ ಯೋಚನೆ ಅದೇ. ನಾವು ಮೂವರೂ ಸಾಯಬಹುದಿತ್ತು ಎನ್ನುವುದು ಆಮೇಲೆ ಬಂತು.

"ನೊಗ ಇನ್ನೂ ಭಾರ ಆಗೇತಿ. ಅದಕ್ಕ ಹಿಂಗಾತು" ಎಂದ ಅಣ್ಣ.

"ಏನಪ್ಪಾ ನೀ. ಹಿಂದ ಭಾರ ಆಗೇತಿ. ಚೀಲ ಎಲ್ಲಾ ಡಬ್ಬಿ ತುದಿಗೆ ಹೇರಿದ್ರ ನನ್ನ ಗಾಡಿ ಸ್ಟೇರಿಂಗ ಮಾತ ಕೇಳೂದಿಲ್ಲ. ಇದೂ ಹಂಗ ಆಗೇತಿ."

"ಎತ್ತು ಕುಸದ್ರ?"

"ಎಲ್ಲದಾವಪ್ಪಾ ಎತ್ತು?"

ಅಣ್ಣ ಪಿಕಪ್ಪಿನ ಬಾನೆಟ್ಟಿನ ಮೇಲೆ ಕೈ ಇಟ್ಟು, "ಇದು ಬಡಪಾಯಿ" ಎಂದ. ಅವನು ಚೇಷ್ಟೆ ಮಾಡುತ್ತಿರಲಿಲ್ಲ. ಜೀವಮಾನವೆಲ್ಲ ಎತ್ತಿನ ಹೆಗಲು ನೋಡಿಕೊಂಡವನು; ಹೆಗಲು ಹುಣ್ಣಾದರೆ ತಾನೇ ಎಣ್ಣೆ ಹಚ್ಚಿ ಕೂರುತ್ತಿದ್ದ. ಹಾಗೆ ಕಲಿತದ್ದು ಬಿಡುವುದಿಲ್ಲ.

ಇಬ್ಬರೂ ನನ್ನ ಮುಖ ನೋಡಿದರು. ದೋಣಿ ನನ್ನದು. ಅಣ್ಣನಿಗೆ ನಾನು ಎಂದೂ ಎದುರಾಡಿದವಳಲ್ಲ. ಆದರೆ ನೀರಿನಲ್ಲಿ ಮಂದಿ ಎಲ್ಲಾ ಹಿಂದೆ ಕುಳಿತರೆ ದೋಣಿ ಮೂತಿ ಎತ್ತುತ್ತದೆ, ಗಾಳಿ ಬಂದ ಕಡೆ ತಿರುಗುತ್ತದೆ. ಅದು ನನಗೆ ಗೊತ್ತು. ಅಲ್ಲಿ ನಿಂತಾಗ ದೋಣಿ ಹಾಗೇ ಮೂತಿ ಎತ್ತಿ ನಿಂತಿತ್ತು.

"ಅಣ್ಣಾ, ದೋಣಿ ವಿಷಯಕ್ಕ ನನ್ನ ಮಾತ ಕೇಳು. ಮುಂದಕ್ಕ ತಳ್ಳೂಣು" ಎಂದೆ.

"ನಿಮ್ಮ ನಿಮ್ಮ ಖುಷಿ" ಎಂದು ಅವನು ಹೋಗಿ ಒಂದು ಕಲ್ಲಿನ ಮೇಲೆ ಕುಳಿತು ತಂಬಾಕು ತೆಗೆದ.

ತಳ್ಳುವುದಕ್ಕೆ ನಾವಿಬ್ಬರೇ. ದೋಣಿ ಅಲುಗಲಿಲ್ಲ. ಪಕ್ಕದ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದ ಹೆಂಗಸರು ಬದುವಿನ ಮೇಲೆ ರೊಟ್ಟಿ ಬಿಚ್ಚಿಕೊಂಡು ಕುಳಿತಿದ್ದರು. ನಮ್ಮ ತೂರಾಟ ಎಲ್ಲಾ ನೋಡಿದ್ದರು.

"ಯವ್ವಾ, ಹೊಳಿ ಬತ್ತೇತೇನ, ದೋಣಿ ರಸ್ತಾದಾಗ ನಡಸಾಕತ್ತೀರಿ?" ಎಂದು ಒಬ್ಬಳು ಕೂಗಿದಳು.

"ಹೊಳ್ಯಾಗ ನೀರೈತಿ. ತಲ್ಯಾಗ ಇಲ್ಲ. ಬರ್ರೆವ್ವ, ಒಂದೀಟ ಕೈ ಹಚ್ರಿ" ಎಂದೆ.

ರೊಟ್ಟಿ ಮಡಚಿ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲರೂ ಬಂದರು. ಅವರ ಕೈ ಮೆಣಸಿನಕಾಯಿ ಬಿಡಿಸಿ ಉರಿಯುತ್ತಿದ್ದವು. ಅದೇ ಕೈಯಿಂದ ಹಿಡಿದರು. ಒಬ್ಬಳು ಲೆಕ್ಕ ಹಾಕಿ ಕೂಗುವುದು, ಎಲ್ಲರೂ ನೂಕುವುದು. ದೋಣಿ ಮುಂದಕ್ಕೆ ಸರಿಯಿತು. ಅಳಿಯ ಮೂತಿ ಎತ್ತಿ ನೋಡಿ, ಇನ್ನೂ ಸ್ವಲ್ಪ ಭಾರ ಬೇಕು ಎಂದ. ಅವನ ಗಾಡಿಯಲ್ಲಿ ಖಾಲಿ ಚೀಲಗಳಿದ್ದವು. ಅವಕ್ಕೆ ಮಣ್ಣು ತುಂಬಿ ದೋಣಿಯ ಮುಂಭಾಗಕ್ಕೆ ಇಡೋಣ ಎಂದು ಚೀಲ ಕೊಡವಿದರೆ, ಹೊಟ್ಟು ಎದ್ದು ಒಬ್ಬರಾದ ಮೇಲೆ ಒಬ್ಬರು ಸೀನಲು ಹತ್ತಿದರು. ಸೀನುತ್ತಾ ನಗುವುದು, ನಗುತ್ತಾ ಮಣ್ಣು ತುಂಬುವುದು. ಕಲ್ಲಿನ ಮೇಲೆ ಕುಳಿತ ಅಣ್ಣನಿಗೂ ಸೀನು ಬಂತು.

"ಮಾವಾ, ಕುಂತಲ್ಲೆ ಸೀನಬ್ಯಾಡ. ಎದ್ದ ಬಂದು ಹಗ್ಗಾ ಹಿಡಿ. ಗಂಟ ಹಾಕೂದು ನಿಮ್ಮಂಥಾ ಹಳೇ ಮಂದೀಗೇ ಬರತೈತಿ" ಎಂದಳು ಮೊದಲು ಕೂಗಿದ್ದವಳು.

ಅಣ್ಣ ಎದ್ದ. ಹರಿದ ಹಗ್ಗ ಜೋಡಿಸಿ ಗಂಟು ಹಾಕಿದ, ದೋಣಿಯನ್ನು ಬಿಗಿದ. ಆ ಗಂಟು ಬಿಚ್ಚಲು ಹೊಳೆದಂಡೆಯಲ್ಲಿ ಕುಡುಗೋಲು ಬೇಕಾಯಿತು. ಮಾತು ಮಾತ್ರ ಆಡಲಿಲ್ಲ.

ಆ ಹೆಂಗಸರಿಗೆ ಏನು ಕೊಡಬೇಕೆಂದು ತಿಳಿಯಲಿಲ್ಲ. ಕೇಳಿದೆ. "ನಮಗೊಮ್ಮಿ ಹೊಳಿ ತೋರಸು, ದೋಣ್ಯಾಗ ಕುಂದ್ರಸು" ಎಂದರು. ಯಾವ ಊರು ಎಂದು ಕೇಳುವುದರೊಳಗೆ ಹೊಲದ ಮಾಲೀಕ ಕೂಗಿದ, ಅವರು ಹೋದರು. ಅವರು ಯಾರ ಮನೆಯವರೋ ನನಗೆ ಗೊತ್ತಿಲ್ಲ. ಎಂದಾದರೂ ಬಂದರೆ ನನ್ನ ದೋಣಿಯಲ್ಲಿ ಅವರಿಗೆ ಜಾಗ ಇದೆ. ದೇವರಿಗೆ ಕೈ ಮುಗಿಯುವಾಗ ನಾನು ಹೆಚ್ಚು ಹೊತ್ತು ನಿಲ್ಲುವವಳಲ್ಲ. ಈಗ ಅವರ ಸಲುವಾಗಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಮತ್ತೆ ಹೊರಟಾಗ ದೋಣಿ ಗಾಡಿಯ ಹಿಂದೆ ನೆರಳಿನ ಹಾಗೆ ಬಂತು. ಅಳಿಯ ಕನ್ನಡಿ ನೋಡುವುದು, ನಿಟ್ಟುಸಿರು ಬಿಡುವುದು. ಅಣ್ಣ ಕಿಟಕಿಯಿಂದ ಹೊರಗೆ ನೋಡುವುದು.

ರಾಣೆಬೆನ್ನೂರಿಗೆ ಬಂದಾಗ ಬೇರೆ ಪಜೀತಿ. ಗುತ್ತಲ ಕಡೆ ಹೊರಳಬೇಕಾದವನು ಗದ್ದಲದಲ್ಲಿ ತಪ್ಪಿ ಬೀಜದ ಅಂಗಡಿಗಳ ಓಣಿಗೆ ನುಗ್ಗಿದ. ಮುಂದೆ ಲಾರಿ ನಿಂತಿದೆ, ಹಿಂದಕ್ಕೆ ಹೋಗಬೇಕು. ಹಿಂದಕ್ಕೆ ಬಿಟ್ಟರೆ ಟ್ರಾಲಿ ತನ್ನ ಮನಸ್ಸಿಗೆ ಬಂದ ಕಡೆ ಹೋಗುತ್ತದೆ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ. ಹಿಂದೆ ಆಟೋಗಳು ಸಾಲು ಹಚ್ಚಿದವು.

"ಇದು ಯಾವ ಸಮುದ್ರಕ್ಕ ಹೊಂಟೈತಣ್ಣಾ?" ಎಂದ ಒಬ್ಬ ಆಟೋದವನು.

"ನಿನ್ನ ಆಟೋ ತಗದ್ರ ಹೊಳೀಗೆ ಹೋಗತೈತಿ. ತಗೀದಿದ್ರ ಇಲ್ಲೇ ಮಳಿಗಾಲ ಕಾಯ್ತೇವಿ" ಎಂದೆ.

ಅವನು ನಕ್ಕು ಇಳಿದ. ಇಳಿದವನು ಸಲಹೆ ಕೊಟ್ಟ. ಎಲ್ಲರೂ ಒಂದೊಂದು ಸಲಹೆ ಕೊಟ್ಟರು. ಅಳಿಯ ಎಲ್ಲವನ್ನೂ ಮಾಡಿ ನೋಡಿ ಇನ್ನೂ ಅಡ್ಡ ಸಿಕ್ಕಿಕೊಂಡ. ಕೊನೆಗೆ ಬೀಜದ ಚೀಲ ಇಳಿಸುತ್ತಿದ್ದ ಹಮಾಲರು ಬಂದು, ಕೊಂಡಿ ಬಿಚ್ಚಿ, ದೋಣಿ ಸಮೇತ ಟ್ರಾಲಿಯನ್ನು ಕೈಯಲ್ಲೇ ತಿರುಗಿಸಿ ನಿಲ್ಲಿಸಿದರು. ಗಾಡಿ ತಿರುಗಿಸಿಕೊಂಡು ಬಂದ ಮೇಲೆ ಮತ್ತೆ ಸಿಕ್ಕಿಸಿದರು. ಅವರಿಗೆಲ್ಲ ಅಳಿಯ ಚಹಾ ಕುಡಿಸಿದ. ಆಟೋದವನೂ ಕುಡಿದ, ಸಲಹೆ ಕೊಟ್ಟದ್ದಕ್ಕೆ.

ಸೂರ್ಯ ಮುಳುಗುವ ಮೊದಲು ಹೊಳೆದಂಡೆ ಮುಟ್ಟಿದೆವು. ಇಳಿಜಾರಿನಲ್ಲಿ ಗಾಡಿ ಹಿಂದಕ್ಕೆ ಬಿಡುವ ಧೈರ್ಯ ಅಳಿಯನಿಗೆ ಉಳಿದಿರಲಿಲ್ಲ. ಟ್ರಾಲಿ ಬಿಚ್ಚಿ ಹಗ್ಗ ಹಿಡಿದು ಇಳಿಸಿದೆವು. ಊರ ಮಂದಿ ಹಗ್ಗಕ್ಕೆ ಕೈ ಕೊಟ್ಟರು. ಅಣ್ಣ ಯಾರೂ ಹೇಳದೆ ಗಾಲಿಗಳ ಪಕ್ಕ ನಡೆದು, ಹೆಜ್ಜೆಗೊಮ್ಮೆ ಗಾಲಿಗೆ ಕಲ್ಲು ಕೊಡುತ್ತಾ, ತೆಗೆಯುತ್ತಾ ಬಂದ. ದೋಣಿ ನೀರು ಮುಟ್ಟಿ ತೇಲಿತು. ಅವನು ಒದ್ದೆ ಧೋತರ ಹಿಂಡಿಕೊಂಡು ನನ್ನ ಮನೆಗೆ ಹೋಗಿ ಉಂಡು ಮಲಗಿದ.

ಬೆಳಗಾಗುವುದರೊಳಗೆ ದಂಡೆ ತುಂಬಿತು. ಬುಟ್ಟಿಗಳಲ್ಲಿ ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ, ಬದನೆಕಾಯಿ ಪಲ್ಯ. ಮಕ್ಕಳು, ಮುದುಕಿಯರು, ಹೊಸ ಸೊಸೆಯರು. ಮ್ಯಾಲಿನ ಊರಿನವನೂ ದೋಣಿ ತಂದು ಪಕ್ಕಕ್ಕೆ ನಿಲ್ಲಿಸಿದ್ದ. ನನ್ನದು ಬರುತ್ತದೋ ಇಲ್ಲವೋ ಎಂದು ಗೌಡರು ಹೇಳಿ ಕಳಿಸಿದ್ದರು. ಅವನದು ಕಟ್ಟಿಗೆ ದೋಣಿ, ಅಗಲ, ನೋಡಿದರೆ ಅಟ್ಟದ ಹಾಗೆ ಗಟ್ಟಿ. ನನ್ನದು ಹಗುರ. ಯಾರಾದರೂ ಅಂಚು ಹಿಡಿದರೆ ಸಾಕು ಆಡುತ್ತಿತ್ತು.

"ಇದೇನವ್ವ, ಪಲಾಸ್ಟಿಕ್ ಬುಟ್ಟಿ ಇದ್ದಂಗೈತಿ" ಎಂದರು ಗೌಡರು.

ಒಬ್ಬಳು ಸೊಸೆ ಕಾಲು ಇಟ್ಟಳು, ದೋಣಿ ವಾಲಿತು, ಕಾಲು ಹಿಂದಕ್ಕೆ ತೆಗೆದಳು. ಅಷ್ಟೇ ಆಯಿತು. ಮಂದಿ ಎಲ್ಲಾ ಮೆಲ್ಲಗೆ ಆ ಇನ್ನೊಂದು ದೋಣಿಯ ಕಡೆ ನೋಡಲು ಹತ್ತಿದರು. ದೋಣಿ ನೀರಿಗೆ ಬಂದಿದೆ, ಮಂದಿ ಹತ್ತುತ್ತಿಲ್ಲ. ನಾನು ಹುಟ್ಟು ಹಿಡಿದು ಸುಮ್ಮನೆ ನಿಂತಿದ್ದೆ. ಹತ್ತಿರಿ ಎಂದು ಬೇಡುವುದು ನನಗೆ ಬರುವುದಿಲ್ಲ. ಬೇಡಿದರೆ ಇನ್ನೂ ಹೆದರುತ್ತಾರೆ.

ಆಗ ಅಣ್ಣ ಮಂದಿಯನ್ನು ಸರಿಸಿಕೊಂಡು ಬಂದ. ಅವನಿಗೆ ಈಜು ಬಾರದು. ಹೊಳೆ ಎಂದರೆ ಅವನಿಗೆ ಎತ್ತಿನ ಮೈ ತೊಳೆಯುವ ಜಾಗ, ಮೊಣಕಾಲಿಗಿಂತ ಮೇಲೆ ನೀರು ಕಂಡವನಲ್ಲ. ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದ. ದೋಣಿಗೆ ಕಾಲಿಟ್ಟ. ಅದು ಆಡಿತು. ಅಂಚು ಹಿಡಿದುಕೊಂಡು ಒಳಗೆ ಬಂದ.

"ಎಲ್ಲಿ ಕುಂದ್ರಲಿ ಹೇಳು" ಎಂದ.

ಹಿಂದಿನ ದಿನ ಹೊಲದ ಹತ್ತಿರ ಕಲ್ಲಿನ ಮೇಲೆ ಹೋಗಿ ಕುಳಿತ ಮೇಲೆ ಅವನು ನನ್ನ ಜೊತೆ ಆಡಿದ ಮೊದಲ ಮಾತು.

"ಮುಂದ, ನಡಬರಕ" ಎಂದೆ.

ಕುಳಿತ. ಮುಖ ಒಣಗಿತ್ತು, ಆದರೆ ದಂಡೆಯ ಕಡೆ ತಿರುಗಿ ಜೋರಾಗಿ ಹೇಳಿದ, "ಏನ್ ನೋಡ್ತೀರಿ, ಬರ್ರಿ. ನಿನ್ನಿ ಬ್ಯಾಡಗಿಯಿಂದ ಇಲ್ಲೀ ತನಕಾ ನೆಲದಮ್ಯಾಲೆ ತೂರ್ಯಾಡಕೊಂತ ಬಂದೈತಿ, ಮುರೀಲಿಲ್ಲ. ನೀರಾಗ ಮುರೀತೈತೇನ?"

ಮಂದಿ ನಕ್ಕರು. ನಕ್ಕ ಮೇಲೆ ಹೆದರಿಕೆ ನಿಲ್ಲುವುದಿಲ್ಲ. ಗೌಡರು ತಮ್ಮ ತಾಯಿಯನ್ನು ಕೈ ಹಿಡಿದು ಹತ್ತಿಸಿದರು, ಆಮೇಲೆ ತಾವು ಹತ್ತಿದರು. ಸೊಸೆಯೂ ಹತ್ತಿದಳು. ಯಾರು ಎಲ್ಲಿ ಕೂರಬೇಕು ಎಂದು ಒಬ್ಬೊಬ್ಬರಿಗೂ ಹೇಳಿದೆ. ಯಾರೂ ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಅಣ್ಣ ಕಣ್ಣು ಬಿಡುತ್ತಿದ್ದ.

ಹುಟ್ಟು ಹಾಕಿದೆ. ಕಟ್ಟಿಗೆ ದೋಣಿಗೆ ಹಾಕಿದಷ್ಟು ಜೋರು ಹಾಕಿದ್ದಕ್ಕೆ ಅದು ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡಿತು. ಒಂದೆರಡು ಸಲ ತಿದ್ದಿಕೊಂಡೆ, ಕೈಗೆ ಬಂತು. ಆ ದಂಡೆ ಮುಟ್ಟಿದಾಗ ಗೌಡರ ತಾಯಿ ಇಳಿಯುವುದನ್ನೇ ಮರೆತು ಕುಳಿತಿದ್ದರು. ಗೌಡರು ಅವರನ್ನು ಇಳಿಸಿ, ಬುಟ್ಟಿ ತಲೆ ಮೇಲೆ ಇಟ್ಟುಕೊಂಡು, ಹೊರಳಿ ನೋಡಿದರು.

"ಸುಗ್ಗಿಗೆ ಕಣಕ್ಕ ಬಾರವ್ವ" ಎಂದರು.

"ಬರ್ತೇನ್ರಿ" ಎಂದೆ.

ಅಣ್ಣ ಇಳಿಯಲಿಲ್ಲ. ಇನ್ನೊಂದು ಸಲ ಹೋಗಿ ಬರುತ್ತೇನೆ, ಮಂದಿಗೆ ಧೈರ್ಯ ಆಗಲಿ ಎಂದ. ದೋಣಿ ತಿರುಗಿಸಿ ಈ ದಂಡೆಗೆ ಹುಟ್ಟು ಹಾಕಿದೆ. ದಂಡೆಯ ಮೇಲೆ ಇನ್ನೂ ಅರ್ಧ ಊರು ನಿಂತಿತ್ತು.